ಚರ್ಮದ ಕಾಯಿಲೆ ಕರುಳನ್ನು ಮುಟ್ಟಿದಾಗ

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ, ವೈದ್ಯ ಮಹನೀಯರ ಲೇಖನಗಳ ನಡುವೆ, ಬ್ಯಾಂಕಿನ ಅಧಿಕಾರಿಯೊಬ್ಬನ ಬರಹವನ್ನು ಕಂಡು ವಾಚಕರಿಗೆ ಆಶ್ಚರ್ಯವಾಗಬಹುದು. ನಾನು ವಾಣಿಜ್ಯಶಾಸ್ತ್ರದ ಪದವೀಧರ. ಇಪ್ಪತ್ತೆರಡು ವರ್ಷಗಳಿಂದ ಜಮಾಖರ್ಚಿನ ಪುಸ್ತಕಗಳ ನಡುವೆ ಬಾಳುತ್ತಿರುವವನು. ವೈದ್ಯಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೂ ನನ್ನ ತಂಗಿಯ ಮಗಳ ಕಾಯಿಲೆಯ ಕಾಲದಲ್ಲಿ, ಈ ಮುಂಬಯಿಯ ಒಂದು ಆಸ್ಪತ್ರೆಯ ಪಡಸಾಲೆಯಲ್ಲಿ ಕಳೆದ ಐವತ್ತಾರು ದಿನಗಳು ನನಗೊಂದು ಪಾಠವನ್ನು ಕಲಿಸಿದವು. ಅದನ್ನು ನಾಲ್ಕು ಜನರ ಮುಂದೆ ಹೇಳದಿರುವುದು ತಪ್ಪಾದೀತೆಂಬ ಭಾವನೆಯಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ. ಇಲ್ಲಿರುವ ವೈದ್ಯಕೀಯ ಸಂಗತಿಗಳು ತಜ್ಞರಿಂದ ಕೇಳಿ, ಓದಿ ತಿಳಿದುಕೊಂಡವು. ಅಭಿಪ್ರಾಯ ಮಾತ್ರ ನನ್ನದು.

ಆ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚರ್ಮ ಮತ್ತು ಸ್ನಾಯುಗಳ ಉರಿಯೂತದಿಂದ ನರಳುತ್ತಿರುವ ಮಗು ‘ಹೊಟ್ಟೆ ನೋವು’ ಎಂದರೆ, ಅದು ಗ್ಯಾಸೋ ಅಜೀರ್ಣವೋ ಎಂಬ ತೀರ್ಮಾನವನ್ನು ಮನೆಯಲ್ಲಿ ಮಾಡಕೂಡದು. ಅಂದೇ ವೈದ್ಯರ ಮುಂದೆ ನಿಲ್ಲಬೇಕು. ಬರಿಗೈಯಲ್ಲಿ ನಿಲ್ಲದೆ ಮಗುವಿನ ಕಾಯಿಲೆಯ ಕಾಗದಪತ್ರಗಳೊಡನೆ ನಿಲ್ಲಬೇಕು.

ನಡೆದ ಸಂಗತಿ

ಮೂರು ವರ್ಷಗಳ ಹಿಂದಿನ ಮಾತು. ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿರುವ ನನ್ನ ತಂಗಿಯ ಮಗಳಿಗೆ ಆಗ ಒಂಬತ್ತು ವರ್ಷ. ಶಾಲೆಯ ಖೋ ಖೋ ಆಟದಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿ. ಯುಗಾದಿಯ ಸುಮಾರಿಗೆ ಅವಳ ಕಣ್ಣಿನ ಮೇಲ್ರೆಪ್ಪೆಗಳು ನೇರಳೆ ಛಾಯೆಗೆ ತಿರುಗಿದವು. ಬೆರಳಿನ ಗೆಣ್ಣುಗಳ ಮೇಲೆ ಕೆಂಪು ಗಂಧೆಗಳು ಎದ್ದವು. ಬಿಸಿಲಿನ ಝಳವೆಂದು ಹೇಳಿ ಮುಲಾಮು ಹಚ್ಚಿದ್ದಾಯಿತು. ಕೆಲವು ವಾರಗಳಲ್ಲಿ ಅವಳು ಖೋ ಕೊಟ್ಟರೂ ಕುಳಿತಲ್ಲಿಂದ ಏಳಲು ತಡಮಾಡತೊಡಗಿದಳು. ಜಡೆ ಹೆಣೆದುಕೊಳ್ಳಲು ಕೈಯನ್ನು ಮೇಲೆತ್ತಲಾರದಾದಳು. ಸೋಮಾರಿತನವೆಂದು ಮನೆಯವರು ಗದರಿದ್ದೂ ಉಂಟು. ಮಳೆಗಾಲದ ಹೊತ್ತಿಗೆ, ನೆಲದಿಂದ ಏಳಬೇಕಾದರೆ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿ ಮೈಯನ್ನು ಎತ್ತಿಕೊಳ್ಳುವ ಸ್ಥಿತಿ ಬಂದಾಗ, ತಂಗಿ ಅವಳನ್ನು ನಮ್ಮಲ್ಲಿಗೆ ಕರೆತಂದಳು.

ಇಲ್ಲಿ ಸಂಧಿವಾತ ತಜ್ಞೆಯೊಬ್ಬರು ರಕ್ತದಲ್ಲಿನ ಸ್ನಾಯು ಕಿಣ್ವಗಳನ್ನು ಪರೀಕ್ಷಿಸಿ, ತೊಡೆಯ ಎಂ.ಆರ್.ಐ. ಮಾಡಿಸಿ, ಇದು ಮಕ್ಕಳಲ್ಲಿ ಕಾಣಿಸಿಕೊಳ್ಳುವ ಡರ್ಮಟೊಮಯೊಸೈಟಿಸ್ ಎಂದು ನಿರ್ಧರಿಸಿದರು. ಸ್ಟೀರಾಯ್ಡ್ ವರ್ಗದ ಪ್ರೆಡ್ನಿಸೊಲೋನ್ ಮತ್ತು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಆರಂಭವಾದವು. ಮೂರು ವಾರಗಳಲ್ಲಿ ಮಗುವಿನ ಮುಖದಲ್ಲಿ ಗೆಲವು ಕಾಣಿಸಿತು. ನಾವು ಗೆದ್ದೆವೆಂದು ಭಾವಿಸಿದೆವು.

ಆರನೆಯ ವಾರದಲ್ಲಿ ಒಂದು ಸಂಜೆ ಅವಳು, “ಮಾಮಾ, ಹೊಟ್ಟಿ ನೋಯಾಕತ್ತೈತಿ” ಎಂದಳು. ಗಣೇಶ ಚತುರ್ಥಿ ಕಳೆದು ಕೆಲವೇ ದಿನಗಳಾಗಿದ್ದವು; ಕಡುಬಿನ ದೋಷವೆಂದುಕೊಂಡೆ. ನನಗೆ ಬ್ಯಾಂಕಿನಲ್ಲಿ ಅರ್ಧವಾರ್ಷಿಕ ಲೆಕ್ಕ ಮುಗಿಸುವ ಧಾವಂತ. ಔಷಧದ ಅಂಗಡಿಯಿಂದ ಆಮ್ಲಶಾಮಕ ದ್ರವವನ್ನು ತಂದು ಎರಡು ಚಮಚ ಕುಡಿಸಿದೆ. ಹೀಗೆಯೇ ನಾಲ್ಕು ದಿನಗಳು ಕಳೆದವು. ಮೂರನೆಯ ದಿನ ಅವಳು “ಬೆನ್ನಾಗ ಚುಚ್ಚತೈತಿ” ಎಂದಿದ್ದಳು. ಸ್ನಾಯುಗಳ ಕಾಯಿಲೆಯಲ್ಲವೇ, ಬೆನ್ನಿನ ಸ್ನಾಯುಗಳೂ ನೋಯುತ್ತಿರಬೇಕೆಂದು ನಾನೇ ಸಮಾಧಾನ ಹೇಳಿದೆ.

ನಾಲ್ಕನೆಯ ರಾತ್ರಿ ನೋವು ಹೆಚ್ಚಿದಾಗ ಹತ್ತಿರದ ಒಂದು ತುರ್ತು ಚಿಕಿತ್ಸಾಲಯಕ್ಕೆ ಕರೆದೊಯ್ದೆವು. ಅಲ್ಲಿದ್ದ ತರುಣ ವೈದ್ಯರು ಹಿಂದಿಯಲ್ಲಿ ಕೇಳಿದರು. ಮಗುವಿನ ಪರವಾಗಿ ನಾನು ಹಿಂದಿಯಲ್ಲಿ ಉತ್ತರಿಸಿದೆ. ಹೊಟ್ಟೆ ನೋವೆಂದೆ, ಗ್ಯಾಸ್ ಇರಬಹುದೆಂಬ ನನ್ನ ಊಹೆಯನ್ನೂ ಸೇರಿಸಿದೆ. ಬೆನ್ನಿನ ಚುಚ್ಚುನೋವಿನ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ. ಔಷಧದ ಚೀಟಿಗಳು ಮನೆಯ ಕಪಾಟಿನಲ್ಲಿದ್ದವು. ಹೊಟ್ಟೆಯನ್ನು ಒತ್ತಿ ನೋಡಿದರೆ ಮೃದುವಾಗಿಯೇ ಇತ್ತು. ಜ್ವರವಿರಲಿಲ್ಲ. ಎಕ್ಸ್‌ರೇ ಚಿತ್ರದಲ್ಲಿ ಏನೂ ಕಾಣಲಿಲ್ಲ. ಒಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳುಹಿಸಿದರು. ಆ ವೈದ್ಯರನ್ನು ನಾನು ದೂರಲಾರೆ. ಅವರಿಗೆ ತಿಳಿಯಬೇಕಾಗಿದ್ದುದನ್ನು ತಿಳಿಸದೆ ಹೋದವನು ನಾನು.

ಮರುದಿನ ಬೆಳಿಗ್ಗೆ ವಾಂತಿಯಾಯಿತು. ಮಲವು ಡಾಂಬರಿನಂತೆ ಕಪ್ಪಗಿತ್ತು. ಸಂಧಿವಾತ ತಜ್ಞೆಗೆ ಫೋನ್ ಮಾಡಿದಾಗ ಅವರು ನನ್ನ ಮಾತನ್ನು ಪೂರ್ತಿಯಾಗಿ ಕೇಳುವ ಮೊದಲೇ, “ಈ ಕ್ಷಣ ಹೊರಡಿ” ಎಂದರು. ಸಿ.ಟಿ. ಸ್ಕ್ಯಾನ್‌ನಲ್ಲಿ ಕರುಳಿನ ಹಿಂಬದಿಯಲ್ಲಿ ಗಾಳಿಯ ಗುಳ್ಳೆಗಳು ಕಂಡವು. ಕರುಳಿಗೆ ರಂಧ್ರ ಬಿದ್ದಿತ್ತು. ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆ ನಡೆಯಿತು. ಹನ್ನೆರಡನೆಯ ದಿನ ಬೇರೊಂದು ಕಡೆ ಮತ್ತೊಂದು ರಂಧ್ರ, ಮತ್ತೊಂದು ಶಸ್ತ್ರಚಿಕಿತ್ಸೆ. ಮಗು ಉಳಿಯಿತು. ಉಳಿಯದಿರಬಹುದಾಗಿತ್ತೆಂಬುದನ್ನು ವೈದ್ಯರು ನಮ್ಮಿಂದ ಮುಚ್ಚಿಡಲಿಲ್ಲ.

ಹೆಸರಿನಲ್ಲಿ ಇಲ್ಲದ್ದು

ಡರ್ಮಟೊಮಯೊಸೈಟಿಸ್ ಎಂಬ ಗ್ರೀಕ್ ಮೂಲದ ಪದದಲ್ಲಿ ಚರ್ಮವಿದೆ, ಸ್ನಾಯುವಿದೆ, ಉರಿಯೂತವಿದೆ. 1891ರಲ್ಲಿ ಜರ್ಮನಿಯ ವೈದ್ಯ ಹೈನ್ರಿಖ್ ಉನ್‌ಫೆರಿಖ್ಟ್ ಈ ಹೆಸರನ್ನು ಬಳಕೆಗೆ ತಂದರು. ಕಣ್ಣಿಗೆ ಕಾಣುವ ಎರಡು ಅಂಗಗಳನ್ನು ಹಿಡಿದು ಇಟ್ಟ ಹೆಸರದು. ಅದರಲ್ಲಿ ರಕ್ತನಾಳದ ಮಾತಿಲ್ಲ, ಕರುಳಿನ ಮಾತಿಲ್ಲ. ನಮ್ಮಂಥ ಸಾಮಾನ್ಯರು ಹೆಸರನ್ನೇ ನಂಬುತ್ತೇವೆ. ಹೊಟ್ಟೆಯ ನೋವು ಈ ಖಾತೆಗೆ ಸೇರಿದ್ದಲ್ಲವೆಂದು ಬೇರೆಯ ಖಾತೆಗೆ ಬರೆದುಬಿಡುತ್ತೇವೆ. ನಾನು ಮಾಡಿದ ತಪ್ಪು ಇದೇ.

1966ರಲ್ಲಿ ಅಮೆರಿಕದ ಬೆಟ್ಟಿ ಬ್ಯಾಂಕರ್ ಮತ್ತು ಮಾರಿಸ್ ವಿಕ್ಟರ್ ಎಂಬ ತಜ್ಞರು ಮಕ್ಕಳಲ್ಲಿನ ಈ ಕಾಯಿಲೆಯ ಕುರಿತು ಬರೆದ ಪ್ರಬಂಧದ ಶೀರ್ಷಿಕೆಯಲ್ಲಿಯೇ ಅದನ್ನು ಸರ್ವಾಂಗಗಳ ರಕ್ತನಾಳ ರೋಗವೆಂದು ಕರೆದರು. ಚರ್ಮ, ಸ್ನಾಯು, ಕೊಬ್ಬು, ನರಗಳಲ್ಲಿ ಮಾತ್ರವಲ್ಲದೆ ಜೀರ್ಣಾಂಗಗಳಲ್ಲಿಯೂ ಸಣ್ಣ ರಕ್ತನಾಳಗಳು ಕೆಟ್ಟಿರುವುದನ್ನು ಅವರು ತೋರಿಸಿದರು. 1986ರಲ್ಲಿ ಜಾನ್ ಕಿಸ್ಸೆಲ್ ಮತ್ತು ಸಂಗಡಿಗರು, ರೋಗಾಣುಗಳನ್ನು ಕೊಲ್ಲಲೆಂದು ದೇಹದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಮಾರಕ ಸಂಯುಕ್ತವು ಸ್ನಾಯುವಿನ ಲೋಮನಾಳಗಳ ಗೋಡೆಗಳ ಮೇಲೆಯೇ ನೆಲೆಸಿರುವುದನ್ನು ಕಂಡರು. ಇಂಟರ್‌ಫೆರಾನ್ ಎಂಬ ರಾಸಾಯನಿಕ ಸಂದೇಶವಾಹಕದ ಅತಿರೇಕವೂ ಈ ಕಾಯಿಲೆಯಲ್ಲಿ ದೊಡ್ಡ ಪಾತ್ರ ವಹಿಸುತ್ತದೆಂದು ಇತ್ತೀಚಿನ ದಶಕಗಳಲ್ಲಿ ತಿಳಿದುಬಂದಿದೆ. ಸಾರಾಂಶವಿಷ್ಟೆ: ದೇಹದ ಕಾವಲುಪಡೆ ತನ್ನದೇ ಸಣ್ಣ ರಕ್ತನಾಳಗಳ ಮೇಲೆ ತಿರುಗಿಬೀಳುತ್ತದೆ. ನಾಳಗಳು ಬಾತು ಕಿರಿದಾಗುತ್ತವೆ, ಕೆಲವು ಮುಚ್ಚಿಯೇ ಹೋಗುತ್ತವೆ.

ಕಾಲುವೆಯ ನೀರಾವರಿಯನ್ನು ಬಲ್ಲ ನಮ್ಮ ನಾಡಿನವರಿಗೆ ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಕಾಲುವೆಯಲ್ಲಿ ನೀರು ಕಡಮೆಯಾದಾಗ ಮೊದಲು ಒಣಗುವುದು ಕೊನೆಯ ಭಾಗದ ಗದ್ದೆ. ಈ ಕಾಯಿಲೆಯಲ್ಲಿ ಸ್ನಾಯುತಂತುಗಳ ಕಟ್ಟಿನ ಅಂಚಿನಲ್ಲಿರುವ ತಂತುಗಳೇ ವಿಶೇಷವಾಗಿ ಸೊರಗಿರುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ; ರಕ್ತದ ಕೊರತೆ ಅದಕ್ಕೊಂದು ಕಾರಣವೆಂದು ವಿವರಿಸಲಾಗಿದೆ. ಮಗುವಿನ ಉಗುರಿನ ಬುಡವನ್ನು ವೈದ್ಯರು ಭೂತಗನ್ನಡಿಯಿಂದ ನೋಡುವುದೂ ಈ ಕಾರಣಕ್ಕಾಗಿಯೇ. ಅಲ್ಲಿ ಲೋಮನಾಳಗಳು ಹಿಗ್ಗಿ, ತಿರುಚಿಕೊಂಡು, ನಡುನಡುವೆ ಇಲ್ಲವಾಗಿದ್ದರೆ, ಒಳಗಿನ ರಕ್ತನಾಳಗಳ ಸ್ಥಿತಿಗೆ ಅದೊಂದು ಕಿಟಕಿ.

ಕರುಳಿನಲ್ಲಿ ಆಗುವುದೇನು?

ಕರುಳಿನ ಗೋಡೆಗೆ ರಕ್ತ ಸಾಲದಾದಾಗ ಮೊದಲು ಅದರ ಒಳಪೊರೆ ನವೆಯುತ್ತದೆ. ಬಳಿಕ ಹುಣ್ಣಾಗಬಹುದು, ರಕ್ತ ಸೋರಬಹುದು. ಗೋಡೆಯೇ ಸತ್ತು ರಂಧ್ರ ಬೀಳಬಹುದು. ಇಂತಹ ಗಂಡಾಂತರಕ್ಕೆ ಒಳಗಾಗುವವರು ಈ ಕಾಯಿಲೆಯ ಮಕ್ಕಳಲ್ಲಿ ಕೆಲವರು ಮಾತ್ರ. ಕಾಯಿಲೆಯೇ ಅಪರೂಪದ್ದು, ಪಾಶ್ಚಾತ್ಯ ದೇಶಗಳ ಲೆಕ್ಕದಂತೆ ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 2ರಿಂದ 4 ಮಂದಿಗೆ ತಗಲುವಂಥದು. ಆದರೆ ಈ ಗಂಡಾಂತರ ಬಂದಾಗ ಅದನ್ನು ಗುರುತಿಸುವುದು ಕಷ್ಟವೆಂಬುದೇ ಅದರ ಭಯಂಕರತೆ. ಇದಕ್ಕೆ ಎರಡು ಕಾರಣಗಳುಂಟು.

ಮೊದಲನೆಯದು ಔಷಧದ ಮುಸುಕು. ಕರುಳಿಗೆ ರಂಧ್ರ ಬಿದ್ದವರ ಹೊಟ್ಟೆ ಸಾಮಾನ್ಯವಾಗಿ ಹಲಗೆಯಂತೆ ಬಿಗಿಯುತ್ತದೆ, ಜ್ವರ ಏರುತ್ತದೆ. ಸ್ಟೀರಾಯ್ಡ್ ಉರಿಯೂತವನ್ನು ತಣಿಸುವ ಔಷಧವಾದ್ದರಿಂದ ಅಪಾಯದ ಈ ಕುರುಹುಗಳನ್ನೂ ತಣಿಸಿಬಿಡುತ್ತದೆ. ಹೊಟ್ಟೆ ಮೃದುವಾಗಿದೆ, ಜ್ವರವಿಲ್ಲ ಎಂಬುದು ಇಂತಹ ಮಗುವಿನ ವಿಷಯದಲ್ಲಿ ಅಭಯವಚನವಾಗಲಾರದು. ಎರಡನೆಯದು ಸ್ಥಳದ ಮರೆ. ಡುಯೋಡಿನಮ್, ಅಂದರೆ ಜಠರದ ಮುಂದಿನ ಸಣ್ಣ ಕರುಳಿನ ಮೊದಲ ಭಾಗ, ಬಹುಪಾಲು ಉದರದ ಪೊರೆಯ ಹಿಂದೆ, ಬೆನ್ನೆಲುಬಿನ ಸಮೀಪದಲ್ಲಿದೆ. ಅಲ್ಲಿ ರಂಧ್ರವಾದರೆ ನೋವು ಬೆನ್ನಿಗೆ ಅಥವಾ ಪಕ್ಕೆಗೆ ಹೊಡೆಯಬಹುದು. ಸೋರಿದ ಗಾಳಿ ಹಿಂಬದಿಯಲ್ಲಿಯೇ ಉಳಿಯುವುದರಿಂದ ಸಾಧಾರಣ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ಸಿ.ಟಿ. ಸ್ಕ್ಯಾನ್‌ಗೆ ಸಿಕ್ಕೀತು. ನಮ್ಮ ಹುಡುಗಿ “ಬೆನ್ನಾಗ ಚುಚ್ಚತೈತಿ” ಎಂದುದರ ಅರ್ಥ ನನಗೆ ತಿಳಿದದ್ದು ಶಸ್ತ್ರಚಿಕಿತ್ಸೆಯ ನಂತರ.

ಶಸ್ತ್ರಚಿಕಿತ್ಸಕರು ಒಂದು ರಂಧ್ರವನ್ನು ಮುಚ್ಚಿದ ಮಾತ್ರಕ್ಕೆ ಕೆಲಸ ಮುಗಿಯದು. ರಕ್ತನಾಳಗಳ ರೋಗ ಅಡಗದಿದ್ದರೆ ಇನ್ನೊಂದು ಕಡೆ ರಂಧ್ರವಾಗಬಹುದು. ಆದ್ದರಿಂದ ಶಸ್ತ್ರಚಿಕಿತ್ಸಕರೂ ಸಂಧಿವಾತ ತಜ್ಞರೂ ಕೂಡಿಯೇ ಚಿಕಿತ್ಸೆ ಮಾಡಬೇಕಾಗುತ್ತದೆ. ಕೆಟ್ಟ ಕರುಳು ನುಂಗಿದ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳಲಾರದೆಂದು ಮೀಥೈಲ್ ಪ್ರೆಡ್ನಿಸೊಲೋನನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ತೀವ್ರ ಸ್ಥಿತಿಯಲ್ಲಿ ಇಮ್ಯುನೊಗ್ಲಾಬ್ಯುಲಿನ್, ಸೈಕ್ಲೊಫಾಸ್ಫಮೈಡ್ ಮೊದಲಾದವೂ ಬೇಕಾಗಬಹುದು.

ಎರಡು ಆಕ್ಷೇಪಣೆಗಳು

ನನ್ನ ಅಭಿಪ್ರಾಯಕ್ಕೆ ಎರಡು ಆಕ್ಷೇಪಣೆಗಳು ಬರಬಹುದು, ಎರಡರಲ್ಲಿಯೂ ಹುರುಳಿದೆ. ಮೊದಲನೆಯದು: ಮಕ್ಕಳಿಗೆ ಹೊಟ್ಟೆ ನೋವು ನೂರು ಕಾರಣಗಳಿಂದ ಬರುತ್ತದೆ. ಈ ಕಾಯಿಲೆಯ ಮಕ್ಕಳಿಗೂ ಮಲಬದ್ಧತೆ, ಔಷಧದಿಂದಾದ ಓಕರಿಕೆ, ಆಮ್ಲದ ಉರಿ, ಹೊರಗಿನ ತಿಂಡಿಯ ಉಪದ್ರವ ಇದ್ದೇ ಇರುತ್ತವೆ. ಪ್ರತಿಯೊಂದಕ್ಕೂ ಸ್ಕ್ಯಾನ್ ಮಾಡಿಸಿದರೆ ಹಣವೂ ವ್ಯಯ, ಮಗುವಿಗೆ ಅನಾವಶ್ಯಕ ವಿಕಿರಣವೂ ತಗಲುತ್ತದೆ. ಈ ಮಾತು ನಿಜ. ಪ್ರತಿಯೊಂದು ನೋವಿಗೂ ಸ್ಕ್ಯಾನ್ ಬೇಕೆಂದು ನಾನು ಹೇಳುತ್ತಿಲ್ಲ; ಬೇಕೋ ಬೇಡವೋ ಎಂದು ನಿರ್ಧರಿಸುವ ಅಧಿಕಾರ ಮನೆಯವರದಲ್ಲವೆನ್ನುತ್ತಿದ್ದೇನೆ. ಬ್ಯಾಂಕಿನಲ್ಲಿ ಪ್ರತಿ ಸಂಜೆ ನಗದನ್ನು ಎಣಿಸಿ ಪುಸ್ತಕದೊಡನೆ ತಾಳೆ ನೋಡುತ್ತೇವೆ. ವರ್ಷವಿಡೀ ಒಂದು ರೂಪಾಯಿ ಕೂಡ ವ್ಯತ್ಯಾಸ ಬರದಿದ್ದರೂ ಮರುದಿನ ಎಣಿಸುವುದನ್ನು ಬಿಡುವುದಿಲ್ಲ. ಕಾಯಿಲೆಯನ್ನು ಬಲ್ಲ ವೈದ್ಯರಿಗೆ ಅಂದೇ ಒಂದು ಫೋನ್, ಒಂದು ಪರೀಕ್ಷೆ: ಇದು ದೊಡ್ಡ ಬೆಲೆಯಲ್ಲ. ಬಿಡದೆ ಕಾಡುವ ಅಥವಾ ಹೆಚ್ಚುತ್ತ ಹೋಗುವ ನೋವು, ಬೆನ್ನಿಗೆ ಹೊಡೆಯುವ ನೋವು, ನಿಲ್ಲದ ವಾಂತಿ, ಕಪ್ಪು ಅಥವಾ ರಕ್ತಮಿಶ್ರಿತ ಮಲ, ಉಬ್ಬಿದ ಹೊಟ್ಟೆ, ಮಲಗಿದ್ದಾಗಲೂ ಓಡುವ ನಾಡಿ, ಊಟವನ್ನೇ ಒಲ್ಲದ ಮಗು: ಇವುಗಳಲ್ಲಿ ಒಂದಿದ್ದರೂ ಫೋನಿಗೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಬೇಕು.

ಎರಡನೆಯದು: ಇದನ್ನೆಲ್ಲ ಓದಿದವರು ಸ್ಟೀರಾಯ್ಡನ್ನೇ ಅಪರಾಧಿಯೆಂದು ತಿಳಿದು ಅದನ್ನು ನಿಲ್ಲಿಸಿಬಿಟ್ಟಾರೆಂಬ ಭಯ. ನಮ್ಮ ಬಂಧುಗಳಲ್ಲಿಯೇ ಒಬ್ಬಿಬ್ಬರು “ಆ ವಿಷವನ್ನು ಮೊದಲು ನಿಲ್ಲಿಸಿರಿ” ಎಂದು ಉಪದೇಶಿಸಿದ್ದರು. ಇದರಷ್ಟು ಅಪಾಯದ ಸಲಹೆ ಬೇರೆಯಿಲ್ಲ. 1948ರಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಕಾರ್ಟಿಸೋನನ್ನು ಸಂಧಿವಾತದ ರೋಗಿಯ ಮೇಲೆ ಮೊದಲ ಸಲ ಪ್ರಯೋಗಿಸಿದರು. ಸ್ಟೀರಾಯ್ಡ್‌ಗಳು ಬರುವ ಮೊದಲು ಡರ್ಮಟೊಮಯೊಸೈಟಿಸ್ ತಗಲಿದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸಾಯುತ್ತಿದ್ದರು, ಇನ್ನೊಂದು ಪಾಲು ಅಂಗವಿಕಲರಾಗಿ ಉಳಿಯುತ್ತಿದ್ದರು. ಇಂದು ಸಾಯುವವರು ನೂರರಲ್ಲಿ ಕೆಲವರೇ. 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗವೊಂದು, ಪ್ರೆಡ್ನಿಸೋನ್ ಒಂದನ್ನೇ ಕೊಡುವುದಕ್ಕಿಂತ ಮೆಥೊಟ್ರೆಕ್ಸೇಟ್ ಅಥವಾ ಸೈಕ್ಲೊಸ್ಪೋರಿನ್ ಜೊತೆಗೂಡಿಸಿ ಕೊಡುವುದು ಹೆಚ್ಚು ಫಲಕಾರಿಯೆಂದೂ, ಆ ಎರಡರಲ್ಲಿ ಮೆಥೊಟ್ರೆಕ್ಸೇಟ್ ಹೆಚ್ಚು ಸುರಕ್ಷಿತವೆಂದೂ ತೋರಿಸಿತು. ಇವು ಜೀವ ಉಳಿಸುವ ಔಷಧಗಳು. ಹಲವು ವಾರ ಸೇವಿಸಿದ ಸ್ಟೀರಾಯ್ಡನ್ನು ಹಠಾತ್ತಾಗಿ ನಿಲ್ಲಿಸಿದರೆ ಕಾಯಿಲೆ ಕೆರಳುವುದಲ್ಲದೆ, ದೇಹವು ತನ್ನ ಸ್ವಂತ ಸ್ಟೀರಾಯ್ಡನ್ನು ಬೇಕಾದಷ್ಟು ತಯಾರಿಸಲಾರದೆ ಕುಸಿದುಬೀಳಬಹುದು. ಔಷಧವನ್ನು ಬಿಡಕೂಡದು, ಅದು ಹಾಕುವ ಮುಸುಕನ್ನು ಮರೆಯಲೂಕೂಡದು.

ನಮ್ಮಿಂದ ಆಗಬಹುದಾದದ್ದು

2024ರ ಫೆಬ್ರವರಿಯಲ್ಲಿ ‘ದಂಗಲ್’ ಚಿತ್ರದ ಬಾಲನಟಿ ಸುಹಾನಿ ಭಟ್ನಾಗರ್ ತಮ್ಮ 19ನೆಯ ವಯಸ್ಸಿನಲ್ಲಿ ದೆಹಲಿಯಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡಾಗ ಡರ್ಮಟೊಮಯೊಸೈಟಿಸ್ ಎಂಬ ಪದ ಪತ್ರಿಕೆಗಳಲ್ಲಿ ಕೆಲವು ದಿನ ಓಡಾಡಿತು, ಆಮೇಲೆ ಮರೆಯಾಯಿತು. ಅಪರೂಪದ ಕಾಯಿಲೆಗಳ ಹಣೆಬರಹವೇ ಅಷ್ಟು. ಎಲ್ಲರೂ ಎಲ್ಲ ಕಾಯಿಲೆಗಳನ್ನೂ ಅರಿತಿರಬೇಕೆಂದು ನಾನು ಬಯಸುವುದಿಲ್ಲ. ತುರ್ತು ಚಿಕಿತ್ಸಾಲಯದ ವೈದ್ಯರು ತಮ್ಮ ಜೀವಮಾನದಲ್ಲಿ ಇಂತಹ ಒಂದು ಮಗುವನ್ನೂ ನೋಡದೆ ಇರಬಹುದು. ಆದ್ದರಿಂದಲೇ ಅರಿವಿನ ಹೊಣೆ ಮಗುವಿನ ಕಡೆಯವರ ಮೇಲೆ ಬೀಳುತ್ತದೆ. ಅದಕ್ಕೆ ಬೇಕಾಗುವುದು ಒಂದು ಹಾಳೆ ಕಾಗದ. ಕಾಯಿಲೆಯ ಹೆಸರು, ಔಷಧಗಳು ಮತ್ತು ಅವುಗಳ ಪ್ರಮಾಣ, ತಜ್ಞರ ಫೋನ್ ಸಂಖ್ಯೆ, ಕೆಳಗೆ, ತಜ್ಞರ ಸಹಿಯೊಡನೆ, “ಈ ಮಗು ಸ್ಟೀರಾಯ್ಡ್ ಸೇವಿಸುತ್ತಿದೆ, ಹೊಟ್ಟೆ ನೋವಿದ್ದಲ್ಲಿ ಕರುಳಿನ ರಕ್ತನಾಳಗಳ ತೊಂದರೆಯನ್ನು ಶಂಕಿಸಿರಿ” ಎಂಬ ಎರಡು ಸಾಲು. ನಮ್ಮ ಹುಡುಗಿಯ ಶಾಲಾ ಚೀಲದಲ್ಲಿ ಈಗ ಇಂತಹ ಹಾಳೆಯಿದೆ. ಅಂದು ಇದ್ದಿದ್ದರೆ, ಆ ರಾತ್ರಿ ಆ ತರುಣ ವೈದ್ಯರು ನಮ್ಮನ್ನು ಮನೆಗೆ ಕಳುಹಿಸುತ್ತಿರಲಿಲ್ಲವೆಂದು ನಂಬಿದ್ದೇನೆ.

ಇನ್ನೊಂದು ಮಾತು ನಮ್ಮ ಸಂಘಕ್ಕೆ ಸಂಬಂಧಿಸಿದ್ದು. ಮುಂಬಯಿಯ ದೊಡ್ಡ ಆಸ್ಪತ್ರೆಗಳಿಗೆ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ರೋಗಿಗಳು ಬರುತ್ತಲೇ ಇರುತ್ತಾರೆ. ಅವರಲ್ಲಿ ಹಲವರಿಗೆ ಹಿಂದಿಯೂ ಬಾರದು, ಮರಾಠಿಯೂ ಬಾರದು. ಮಗು ತನ್ನ ನೋವನ್ನು ತನ್ನ ಮಾತಿನಲ್ಲಿಯೇ ಹೇಳೀತು. ಚುಚ್ಚುವ ನೋವು, ತೊಳಸುವ ನೋವು, ಹಿಂಡುವ ನೋವು, ಉರಿಯುವ ನೋವು ಬೇರೆ ಬೇರೆ; ನಡುವೆ ನಿಂತವರ ಬಾಯಲ್ಲಿ ಅವೆಲ್ಲವೂ ಬರಿಯ ‘ಪೇಟ್ ದರ್ದ್’ ಆಗಿಬಿಡುತ್ತವೆ. ಎರಡೂ ಭಾಷೆಗಳನ್ನು ಬಲ್ಲ ನಾನೇ ಆ ರಾತ್ರಿ ಮಗುವಿನ ಅರ್ಧ ಮಾತನ್ನು ನುಂಗಿದೆನೆಂದ ಮೇಲೆ, ಏನೂ ತಿಳಿಯದೆ ಬಂದು ನಿಲ್ಲುವ ತಂದೆತಾಯಿಗಳ ಪಾಡೇನು? ರಾಜ್ಯೋತ್ಸವ, ನಾಟಕ, ಸಂಗೀತಗಳಿಗೆ ಉತ್ಸಾಹದಿಂದ ದುಡಿಯುವ ಕಾರ್ಯಕರ್ತರು ನಮ್ಮಲ್ಲಿದ್ದಾರೆ. ಅವರಲ್ಲಿ ಹತ್ತು ಮಂದಿ ಸರದಿಯಂತೆ ಆಸ್ಪತ್ರೆಗಳಿಗೆ ಹೋಗಿ, ರೋಗಿಯ ಮಾತನ್ನು ತಮ್ಮ ಊಹೆ ಬೆರೆಸದೆ ವೈದ್ಯರಿಗೆ ತಲಪಿಸಿದರೆ ಅದೂ ಕನ್ನಡದ ಸೇವೆಯೇ. ಮುಂದಿನ ಕಾರ್ಯಕಾರಿ ಸಮಿತಿಯು ಈ ಸಲಹೆಯನ್ನು ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇನೆ. ಮೊದಲ ಹೆಸರು ನನ್ನದಾಗಿರಲಿ.

ನನ್ನ ಸೋದರಸೊಸೆ ಈಗ ಏಳನೆಯ ತರಗತಿಯಲ್ಲಿದ್ದಾಳೆ. ಔಷಧ ಇನ್ನೂ ಪೂರ್ತಿಯಾಗಿ ನಿಂತಿಲ್ಲ. ಹೊಟ್ಟೆಯ ಮೇಲೆ ಎರಡು ಗಾಯದ ಗೆರೆಗಳಿವೆ. ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮಲ್ಲಿಗೆ ಬಂದಿದ್ದಾಗ ಕಟ್ಟಡದ ಮೂರು ಮಹಡಿಗಳನ್ನೂ ನಡೆದೇ ಹತ್ತಿದಳು. ಒಂದು ದಿನ ಮಾವಿನಹಣ್ಣು ಹೆಚ್ಚಾಗಿ ಹೊಟ್ಟೆ ನೋವೆಂದಳು. ಫೈಲನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆಯಲ್ಲಿ ವೈದ್ಯರ ಮುಂದಿದ್ದೆ. ಪರೀಕ್ಷಿಸಿ, ಏನೂ ಇಲ್ಲವೆಂದು ನಕ್ಕು ಕಳುಹಿಸಿದರು. ಅವರು ಹೀಗೆ ಎಷ್ಟು ಸಲ ನಕ್ಕರೂ ನನಗೆ ಬೇಸರವಿಲ್ಲ.